ಎರಡು ಸಲ ಬೇಡ ಅಂದ ದೊಡ್ಡಮ್ಮ

ಮಂಗಳವಾರ ರಾತ್ರಿ ದೊಡ್ಡಮ್ಮನ ರೇಷ್ಮೆ ಹುಳುಗಳು ಉಪವಾಸ ಇದ್ದವು. ಹುಳು ಸೊಪ್ಪು ಬಿಟ್ಟು ಪೊರೆ ಕಳಚೋದಕ್ಕೆ ನಮ್ಮಲ್ಲಿ ಜ್ವರ ಅಂತಾರೆ; ನಾಲ್ಕನೇ ಜ್ವರ ಎದ್ದು ಅವತ್ತಿಗೆ ಮೂರನೇ ದಿನ. ರೇಷ್ಮೆ ಹುಳು ಇಡೀ ಬೆಳೆಗೆ ತಿನ್ನೋ ಸೊಪ್ಪಿನಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ತಿನ್ನೋದು ಈ ಕೊನೆಯ ವಾರದಲ್ಲೇ. ಆಗ ರಾತ್ರಿ 11ರ ಸೊಪ್ಪು ತಪ್ಪಬಾರದು. ತಪ್ಪಿತು. ನನ್ನ ಆಪ್ ಕೂಗಲಿಲ್ಲ.

ನಮ್ಮದು ಶಿಡ್ಲಘಟ್ಟದ ಪಕ್ಕದ ಊರು. ಬೆಂಗಳೂರಿನ ಒಂದು ಕಂಪನಿಗೆ ಮನೆಯಿಂದಲೇ ಆಂಡ್ರಾಯ್ಡ್ ಕೆಲಸ ಮಾಡುತ್ತೇನೆ. ಎರಡು ವರ್ಷದ ಹಿಂದೆ ದೊಡ್ಡಮ್ಮನಿಗೆ ಅಂತಲೇ ಒಂದು ಸಣ್ಣ ಆಪ್ ಮಾಡಿದ್ದೆ. ಚಾಕಿ ಹುಳು, ಅಂದರೆ ಎಳೆಯ ಹುಳು, ತಂದ ದಿನ ಒತ್ತಿದರೆ ಸಾಕು, ಯಾವ ಹೊತ್ತಿಗೆ ಸೊಪ್ಪು, ಯಾವತ್ತು ಹುಳುವಿನ ಮೇಲೆ ಸುಣ್ಣದ ಪುಡಿ ಅಂತ ಅದೇ ಲೆಕ್ಕ ಹಾಕುತ್ತದೆ. ದೊಡ್ಡಮ್ಮನಿಗೆ ಓದು ಬರುವುದಿಲ್ಲ. ಅದಕ್ಕೇ ಬೆಲ್ ಬದಲು ನನ್ನ ದನಿ ಹಾಕಿದ್ದೆ: 'ದೊಡ್ಡಮ್ಮ, ಸೊಪ್ಪಿನ ಹೊತ್ತಾಯ್ತು, ಏಳು.' ಊರಲ್ಲಿ ಇನ್ನೂ ಹದಿನಾಲ್ಕು ಮನೆಯವರು ಹಾಕಿಸಿಕೊಂಡರು. ಅವರ ಫೋನಿನಲ್ಲೂ ಅದೇ ದನಿ, ಅದೇ ದೊಡ್ಡಮ್ಮ.

ಬುಧವಾರ ಬೆಳಗ್ಗೆ ಹೋದಾಗ ಅವರು ಹುಳು ಮನೆಯಲ್ಲಿ ಸೊಪ್ಪು ಹರಡುತ್ತಿದ್ದರು. ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ. 'ಹೊಸ ಫೋನು ಕಣಪ್ಪ. ನಿನ್ನ ಆಪು ತೆಗೆದ ತಕ್ಷಣ ಅದೇನೋ ಕೇಳ್ತು. ಬ್ಯಾಡ ಅಂದೆ. ಇನ್ನೊಂದ್ ಸಲ ಕೇಳ್ತು. ಬ್ಯಾಡ ಅಂದೆ. ಆಮೇಲೆ ಕೇಳ್ಲೇ ಇಲ್ಲ.'

ಈ ಮಾತು ಮೂರು ದಿನದಿಂದ ತಲೆಯಲ್ಲಿ ತಿರುಗುತ್ತಿದೆ. ಒಂದು ವಾಕ್ಯದಲ್ಲಿ ಅವರು ಆಂಡ್ರಾಯ್ಡ್‌ನ ಎರಡು ಆವೃತ್ತಿಗಳ ನಿಯಮ ಹೇಳಿಬಿಟ್ಟಿದ್ದರು. 2022ರಲ್ಲಿ ಬಂದ ಆಂಡ್ರಾಯ್ಡ್ 13ರಿಂದ ನೋಟಿಫಿಕೇಶನ್ ತೋರಿಸಬೇಕಾದರೆ ಬಳಸುವವರ ಅನುಮತಿ ಕೇಳಬೇಕು. 2020ರ ಆಂಡ್ರಾಯ್ಡ್ 11ರಿಂದ ಯಾವುದೇ ಅನುಮತಿಗೆ ಎರಡು ಸಲ ಬೇಡ ಅಂದರೆ ಮೂರನೇ ಸಲ ಅನುಮತಿ ಕೇಳುವ ಆ ಪೆಟ್ಟಿಗೆ ಪರದೆ ಮೇಲೆ ಬರುವುದೇ ಇಲ್ಲ. ಸೆಟ್ಟಿಂಗ್ಸ್‌ಗೆ ಹೋಗಿ ನಾವೇ ಕೊಡಬೇಕು. ನನ್ನ ದನಿ ನೋಟಿಫಿಕೇಶನ್ ಜೊತೆಗೇ ಬರುವಂಥದ್ದು. ಅದಕ್ಕೆ ಅನುಮತಿ ಇಲ್ಲ ಅಂದರೆ ದನಿಯೂ ಇಲ್ಲ.

ನಮ್ಮ ಕಡೆ ಮನೆಗೆ ಬಂದವರು ಕಾಫಿ ಬೇಡ ಅಂದರೆ ಯಾರಾದರೂ ಸುಮ್ಮನಾಗುತ್ತಾರಾ? ಎರಡು ಸಲ ಬೇಡ ಅನ್ನೋದು ಮರ್ಯಾದೆ. ಮೂರನೇ ಸಲ ಕೇಳೋದು ನಮ್ಮ ಮರ್ಯಾದೆ. ಫೋನಿಗೆ ಆ ಮೂರನೇ ಸಲ ಇಲ್ಲ. ಹಾಗಂತ ನಿಯಮ ತಪ್ಪು ಅಂತ ನಾನು ಹೇಳಲಾರೆ. 2015ರಲ್ಲಿ ಆಂಡ್ರಾಯ್ಡ್ 6 ಬರುವ ತನಕ ಹೇಗಿತ್ತು ಗೊತ್ತಲ್ವಾ? ಆಪ್ ಹಾಕುವಾಗ ಒಂದು ಉದ್ದ ಪಟ್ಟಿ, ಎಲ್ಲಕ್ಕೂ ಒಪ್ಪು, ಇಲ್ಲದಿದ್ದರೆ ಆಪ್ ಬಿಡು. ಟಾರ್ಚ್ ಹಚ್ಚುವ ಆಪ್ ಕೂಡ ಕಾಂಟ್ಯಾಕ್ಟ್ಸ್ ಕೇಳಬಹುದಿತ್ತು. ಅದನ್ನು ನೋಡಿದವನು ನಾನು. ಕಾಟ ಕೊಡುವ ಆಪ್‌ಗಳಿಂದ ಜನರನ್ನು ಕಾಪಾಡೋಕೆ ಈ ಬಾಗಿಲು ಬೇಕೇ ಬೇಕು.

ದೊಡ್ಡಮ್ಮ ಮಾಡಿದ್ದೂ ತಪ್ಪಲ್ಲ. ಹೋದ ವರ್ಷ ಅವರ ಸಂಘದ ಒಬ್ಬ ಹೆಂಗಸು ಯಾವುದೋ ಲಿಂಕ್ ಒತ್ತಿ ರೇಷ್ಮೆಗೂಡು ಮಾರಿದ ದುಡ್ಡೆಲ್ಲ ಕಳೆದುಕೊಂಡರು. ಅವತ್ತಿನಿಂದ ಮೊಮ್ಮಗ ಹೇಳಿಕೊಟ್ಟಿದ್ದಾನೆ: 'ಅಜ್ಜಿ, ಫೋನ್ ಏನು ಕೇಳಿದ್ರೂ ಕೆಳಗಿನದ್ದು ಒತ್ತು.' ಕೆಳಗಿರೋದು ಬೇಡ ಅನ್ನೋ ಬಟನ್. ಹುಡುಗ ಆತುರದವನು, ಹೊಸ ಫೋನ್ ಕೊಡಿಸಿ ಅರ್ಧ ಗಂಟೆಯಲ್ಲಿ ಬೆಂಗಳೂರಿನ ಬಸ್ ಹತ್ತಿದ. ಆದರೆ ಹೇಳಿಕೊಟ್ಟ ಪಾಠ ಸರಿಯಾದದ್ದು. ಎಲ್ಲದಕ್ಕೂ ಒಪ್ಪಿಗೆ ಒತ್ತಿ ಕೊಡುವ ಮೊಬೈಲ್ ಅಂಗಡಿಯವರಿಗಿಂತ ಅವನು ಎಷ್ಟೋ ವಾಸಿ.

ತಪ್ಪು ನನ್ನದು. ಆಪ್ ತೆರೆದ ಮೊದಲ ಕ್ಷಣದಲ್ಲೇ, ಇದು ಯಾರ ಆಪ್, ಯಾಕೆ ಕೇಳುತ್ತಿದೆ ಅಂತ ಗೊತ್ತಾಗುವ ಮೊದಲೇ, ಆ ಪೆಟ್ಟಿಗೆ ಎದುರಿಗೆ ತಂದು ನಿಲ್ಲಿಸಿದ್ದೆ. ಆಂಡ್ರಾಯ್ಡ್‌ನ ಪೆಟ್ಟಿಗೆಯಲ್ಲಿ ನಮ್ಮ ಕಾರಣ ಬರೆಯಲು ಜಾಗ ಇಲ್ಲ. ಐಫೋನ್‌ನಲ್ಲಿ ಕ್ಯಾಮೆರಾ, ಲೊಕೇಶನ್ ಕೇಳುವಾಗ ಒಂದು ಸಾಲು ಬರೆಯಲೇಬೇಕು. ಇಲ್ಲಿ ಏನು ಹೇಳೋದಿದ್ದರೂ ಪೆಟ್ಟಿಗೆ ಬರುವ ಮೊದಲೇ ಹೇಳಬೇಕು. ನಾನು ಹೇಳಿರಲಿಲ್ಲ.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಪ್ಲೇ ಸ್ಟೋರ್‌ಗೆ ಅಪ್‌ಡೇಟ್ ಹಾಕಬೇಕಾದರೆ, ಆಪ್ ಯಾವ ಆಂಡ್ರಾಯ್ಡ್ ಆವೃತ್ತಿಯ ನಿಯಮಕ್ಕೆ ಬರೆದದ್ದು ಅಂತ ಹೇಳುವ ಟಾರ್ಗೆಟ್ ಸಂಖ್ಯೆ ಏರಿಸುತ್ತಿರಬೇಕು. 2024ರ ಆಗಸ್ಟ್ 31ರ ಗಡುವಿಗೆ ಅದು 34 ಆಗಬೇಕಿತ್ತು, ಅಂದರೆ ಆಂಡ್ರಾಯ್ಡ್ 14. ನಾನು 34 ಅಂತ ಬರೆದು ನನ್ನ ಫೋನಿನಲ್ಲಿ ನೋಡಿದೆ. ಅಲಾರಂ ಸರಿಯಾಗಿ ಕೂಗಿತು. ಕೂಗದೆ ಏನು? ನನ್ನ ಫೋನಿನಲ್ಲಿ ಆಪ್ ಮೊದಲೇ ಇತ್ತು. ಹಳೆಯ ಫೋನ್ 14ಕ್ಕೆ ಏರಿದಾಗ, ಸರಿಯಾದ ಹೊತ್ತಿಗೆ ಅಲಾರಂ ಇಡುವ ಅನುಮತಿ ಹಾಗೇ ಉಳಿಯುತ್ತದೆ. 14 ಇರುವ ಹೊಸ ಫೋನಿನಲ್ಲಿ ಹೊಸದಾಗಿ ಹಾಕಿಕೊಂಡವರಿಗೆ ಆ ಅನುಮತಿ ಮೊದಲಿಂದಲೇ ಇರುವುದಿಲ್ಲ. ಅದಕ್ಕೆ ಪೆಟ್ಟಿಗೆಯೂ ಬರುವುದಿಲ್ಲ, ಸೆಟ್ಟಿಂಗ್ಸ್ ಒಳಗೆ ಬೇರೆ ಪುಟ ಇದೆ. ಅನುಮತಿ ಇಲ್ಲದಿದ್ದರೆ ಅಂದಾಜಿನ ಅಲಾರಂ ಇಡು ಅಂತ ನನ್ನ ಕೋಡ್‌ನಲ್ಲಿ ಬರೆದಿದ್ದೆ. ಅಂದಾಜು ಅಂದರೆ ಫೋನ್ ನಿದ್ದೆಯಲ್ಲಿದ್ದಾಗ ಎಷ್ಟು ತಡವಾದರೂ ಆಗಬಹುದು. ಹುಳುವಿನ ಹೊಟ್ಟೆಗೆ ಅಂದಾಜು ಗೊತ್ತಾ?

ಅಂದರೆ ದೊಡ್ಡಮ್ಮ ಮೇಲಿನ ಬಟನ್ ಒತ್ತಿದ್ದರೂ 11ಕ್ಕೆ ಸರಿಯಾಗಿ ಕೂಗುವ ಭರವಸೆ ಇರಲಿಲ್ಲ. ಇದು ಗೊತ್ತಾದಾಗ ನಿಜವಾಗಲೂ ನಾಚಿಕೆಯಾಯಿತು. 'ಅದೇನೋ ಕೇಳ್ತು, ಬ್ಯಾಡ ಅಂದೆ' ಅಂತ ಅವರು ತಪ್ಪನ್ನೆಲ್ಲ ತಮ್ಮ ತಲೆಗೆ ಹಾಕಿಕೊಂಡಿದ್ದರು. ನಾವು ಆಪ್ ಬರೆಯುವವರು ಬಳಸುವವರಿಗೆ ಬರೀತಿದ್ದೇವೆ ಅಂದುಕೊಳ್ಳುತ್ತೇವೆ, ಆದರೆ ಪರೀಕ್ಷೆ ಮಾಡೋದು ನಮ್ಮ ಹಳೇ ಫೋನಿನಲ್ಲಿ, ಎಂದೋ ಸಿಕ್ಕ ಒಪ್ಪಿಗೆಗಳ ಮೇಲೆ ಕೂತು. ಹೊಸದಾಗಿ ಬಂದವರಿಗೆ ಬಾಗಿಲು ಹೇಗೆ ಕಾಣುತ್ತದೆ ಅಂತ ನಾನು ಒಂದು ಸಲವೂ ಹೊರಗೆ ನಿಂತು ನೋಡಿರಲಿಲ್ಲ.

ಗುರುವಾರ ಸಂಜೆ ಹೊಸದಾಗಿ ಬರೆದೆ. ಈಗ ಆಪ್ ತೆರೆದರೆ ಮೊದಲು ನನ್ನ ದನಿ: ನಾನು ಯಾರು, ಯಾತಕ್ಕೆ ಕೇಳುತ್ತೇನೆ, ಯಾವುದು ಕೇಳುವುದಿಲ್ಲ. ಸೊಪ್ಪಿನ ಹೊತ್ತು ಇಟ್ಟ ಮೇಲೆಯೇ ಪೆಟ್ಟಿಗೆ. ಎರಡು ಅನುಮತಿಯಲ್ಲಿ ಒಂದು ಇಲ್ಲದಿದ್ದರೂ ತೆರೆದಾಗೆಲ್ಲ ಪರದೆ ಪೂರ್ತಿ ಕೆಂಪು. ಕೆಲವು ತಿಂಗಳು ಮುಟ್ಟದ ಆಪ್‌ನಿಂದ ಆಂಡ್ರಾಯ್ಡ್ ಅನುಮತಿಗಳನ್ನು ವಾಪಸ್ ತೆಗೆದುಕೊಳ್ಳುತ್ತದೆ. ಒಂದೆರಡು ಬೆಳೆ ಬಿಟ್ಟು ಹುಳು ಸಾಕುವವರಿಗೂ ಈ ಕೆಂಪು ಬೇಕಾಗುತ್ತದೆ.

ದೊಡ್ಡಮ್ಮನ ಪಕ್ಕ ಕೂತು ಆಪ್ ತೆಗೆದು ಮತ್ತೆ ಹಾಕಿಸಿದೆ. ದನಿ ಮುಗಿಯುವ ತನಕ ಕೇಳಿದರು. ಪೆಟ್ಟಿಗೆ ಬಂತು. ಬೆರಳು ಕೆಳಗಿನ ಬಟನ್ ಹತ್ತಿರ ಹೋಗಿ ನಿಂತಿತು.

'ಇದನ್ನ ಕೇಳ್ತಿರೋದು ನೀನೇನಾ?'

'ನಾನೇ ದೊಡ್ಡಮ್ಮ.'

'ಮತ್ತೆ ಅವತ್ತೇ ಹೇಳಬಾರದಾ,' ಅಂದು ಮೇಲಿನದನ್ನು ಒತ್ತಿದರು.

ಹದಿನಾಲ್ಕು ಮನೆಗಳಲ್ಲಿ ಮೂರು ಮನೆಯವರು ಈ ವರ್ಷ ಫೋನ್ ಬದಲಿಸಿದ್ದಾರಂತೆ. ಒಬ್ಬರದ್ದು ಇವತ್ತು ಎರಡನೇ ಜ್ವರ. ನಾಳೆ ಬೆಳಗ್ಗೆ ಮೊದಲು ಅವರ ಮನೆಗೆ ಹೋಗುತ್ತೇನೆ.