ಒಂದೇ ಸರ್‌ನೇಮ್ ಇದ್ದರೆ ಒಂದೇ ಮೂಲಾನಾ?

ನಮ್ಮದೇ ಸರ್‌ನೇಮ್ ಇರುವ, ಪರಿಚಯವೇ ಇಲ್ಲದ ಒಬ್ಬರು ಮೆಸೇಜ್ ಮಾಡಿ, ಡಿಎನ್‌ಎ ಟೆಸ್ಟ್ ಮಾಡಿಸಿ ನಾವು ಸಂಬಂಧಿಕರಾ ನೋಡೋಣ್ವಾ ಅಂತ ಕೇಳಿದ್ದಾರೆ. ಆಗಿನಿಂದ ತಲೆಯಲ್ಲಿ ಇದೇ ಓಡುತ್ತಿದೆ.

ಇದಕ್ಕೆ ವೈ ಕ್ರೋಮೋಸೋಮ್ ಟೆಸ್ಟ್ ಬೇಕು. ವೈ ಕ್ರೋಮೋಸೋಮ್ ಅಂದರೆ ಗಂಡಸರಲ್ಲಿರುವ ಡಿಎನ್‌ಎಯ ಒಂದು ಭಾಗ, ಅದು ಅಪ್ಪನಿಂದ ಮಗನಿಗೆ ಹೆಚ್ಚುಕಡಿಮೆ ಹಾಗೇ ಇಳಿದು ಬರುತ್ತದೆ, ಎಷ್ಟೋ ಕಡೆ ಮನೆತನದ ಹೆಸರು ಬರುವುದೂ ಅದೇ ದಾರಿಯಲ್ಲಿ ಅಲ್ವಾ. ಹೆಣ್ಣುಮಕ್ಕಳಿಗೆ ವೈ ಇರುವುದಿಲ್ಲ, ಹಾಗಾಗಿ ಅವರು ಅಪ್ಪನನ್ನೋ ಅಣ್ಣನನ್ನೋ ಚಿಕ್ಕಪ್ಪನನ್ನೋ ಒಪ್ಪಿಸಿ ಸ್ಯಾಂಪಲ್ ಕೊಡಿಸಬೇಕು. ಬ್ರಿಟನ್ನಿನ ವಿಜ್ಞಾನಿ ಬ್ರಯಾನ್ ಸೈಕ್ಸ್ ತಮ್ಮದೇ ಸರ್‌ನೇಮಿನ 48 ಗಂಡಸರ ವೈ ಕ್ರೋಮೋಸೋಮ್ ನೋಡಿ 2000ರಲ್ಲಿ ಫಲಿತಾಂಶ ಪ್ರಕಟಿಸಿದರು. ಅರ್ಧಕ್ಕೆ ಹತ್ತಿರದಷ್ಟು ಜನರಲ್ಲಿ ಒಂದೇ ಮಾದರಿ ಸಿಕ್ಕಿತ್ತು.

ನನ್ನನ್ನು ಹಿಡಿದಿಟ್ಟಿರುವುದು ಉಳಿದವರ ಕಥೆ. ಯಾವುದೋ ತಲೆಮಾರಿನಲ್ಲಿ ಒಂದು ಮಗುವನ್ನು ದತ್ತು ತೆಗೆದುಕೊಂಡಿರಬಹುದು, ತಾಯಿಯ ಕಡೆಯ ಹೆಸರು ಉಳಿದಿರಬಹುದು, ಇಲ್ಲವೇ ಕಸುಬಿನಿಂದಲೋ ಊರಿನಿಂದಲೋ ಅದೇ ಹೆಸರು ಬೇರೆ ಬೇರೆ ಕಡೆ ಹುಟ್ಟಿರಬಹುದು. ಅವರನ್ನು ಮನೆತನದವರಲ್ಲ ಅನ್ನೋಕೆ ನನಗೆ ಮನಸ್ಸು ಬರುವುದಿಲ್ಲ. ಮ್ಯಾಚ್ ಆದರೂ ಮೂಲಪುರುಷ ಯಾರು ಅಂತ ಟೆಸ್ಟ್ ಹೇಳುವುದಿಲ್ಲ, ಹಳೆಯ ಕಾಗದಪತ್ರ ಹುಡುಕಲೇಬೇಕು.

ನಾನಂತೂ ಮಾಡಿಸುತ್ತೇನೆ. ಆದರೆ ಫಲಿತಾಂಶ ನನ್ನೊಬ್ಬನದಲ್ಲ, ಅಪ್ಪ, ದೊಡ್ಡಪ್ಪ, ಅವರ ಮಕ್ಕಳು ಎಲ್ಲರದ್ದೂ. ಮೊದಲು ಅವರನ್ನು ಕೇಳುತ್ತೇನೆ.