ಸ್ವಂತ ಕಟ್ಟಡ ಇಲ್ಲದ ನಮ್ಮ ಕನ್ನಡ ಸಭೆ

ದುಬೈನ ಔದ್ ಮೆಥಾದಲ್ಲಿ ಹೋಲಿ ಟ್ರಿನಿಟಿ ಚರ್ಚ್ ಇದೆ. ಹಿಂದಿನ ದೊರೆ ಶೇಖ್ ರಶೀದ್ ಕೊಟ್ಟ ಜಾಗ ಅದು. ಒಂದೇ ಕಾಂಪೌಂಡು, ಒಳಗೆ ಹಲವು ಹಾಲ್‌ಗಳು, ಬೇರೆಬೇರೆ ಭಾಷೆಯ ಎಷ್ಟೋ ಸಭೆಗಳು. ಒಂದು ಹಾಲ್‌ನಲ್ಲಿ ಮಲಯಾಳಂ, ಪಕ್ಕದಲ್ಲಿ ತಮಿಳು, ಆಚೆ ಫಿಲಿಪೀನ್ಸ್‌ನವರ ಗಿಟಾರು. ನಮ್ಮ ಕನ್ನಡ ಸಭೆ ಕೂಡುವುದೂ ಅಲ್ಲಿನ ಒಂದು ಹಾಲ್‌ನಲ್ಲಿ. ನಮ್ಮ ಹೊತ್ತು ಮುಗಿಯುವ ಮೊದಲೇ ಮುಂದಿನ ಸಭೆಯವರು ಬಾಗಿಲಾಚೆ ಬಂದು ನಿಂತಿರುತ್ತಾರೆ.

ನಮ್ಮದು ಅಂತ ಇರುವುದು ಒಂದು ನೀಲಿ ಪ್ಲಾಸ್ಟಿಕ್ ಡಬ್ಬ. ಅದರಲ್ಲಿ ಹಾಡಿನ ಪುಸ್ತಕಗಳು, ಮೇಜಿಗೆ ಹಾಸುವ ಬಿಳಿ ಬಟ್ಟೆ, ಟವೆಲಿನಲ್ಲಿ ಸುತ್ತಿದ ಕರ್ತನ ಭೋಜನದ ಬಟ್ಟಲು, ದೀಕ್ಷಾಸ್ನಾನದ ರಿಜಿಸ್ಟರು. ವಾರವಿಡೀ ಅದು ಮಂಗಳೂರಿನ ಅಂಕಲ್ ಒಬ್ಬರ ಕಾರಿನ ಡಿಕ್ಕಿಯಲ್ಲಿರುತ್ತದೆ. ಇಲ್ಲಿನ ಬೇಸಿಗೆಗೆ ಪುಸ್ತಕದ ಅಂಟು ಬಿಟ್ಟು ಹಾಳೆಗಳು ಕೈಗೇ ಬರುತ್ತವೆ.

2022ರ ಜನವರಿಯಲ್ಲಿ ಇಲ್ಲಿನ ಸರ್ಕಾರ ವಾರದ ರಜೆಯನ್ನು ಶನಿವಾರ-ಭಾನುವಾರಕ್ಕೆ ಬದಲಿಸಿತು. ಅಲ್ಲಿಯವರೆಗೆ ನಮ್ಮ ಆರಾಧನೆ ಶುಕ್ರವಾರ. ಇನ್ನು ಯಾವ ದಿನ ಕೂಡೋಣ ಅಂತ ತೀರ್ಮಾನಿಸಲು ಒಂದು ಮೀಟಿಂಗ್ ಕರೆದೆವು. ಭಾನುವಾರ ಬೆಳಗಿನ ಹೊತ್ತು ಎಲ್ಲ ಸಭೆಗಳಿಗೂ ಬೇಕು. ಅಂಗಡಿ, ಆಸ್ಪತ್ರೆಗಳಲ್ಲಿ ದುಡಿಯುವ ನಮ್ಮವರಿಗಾದರೋ ಭಾನುವಾರ ರಜೆಯೇ ಇಲ್ಲ. ಕೊನೆಗೆ ಭಾನುವಾರ ಸಂಜೆ ಅಂತಾಯಿತು. ಅಷ್ಟರಲ್ಲಿ ಡಬ್ಬದ ಅಂಕಲ್ ಎದ್ದು ನಿಂತು ಅಯ್ಯನವರನ್ನು, ಅಂದರೆ ನಮ್ಮ ಪಾಸ್ಟರನ್ನು, ಕೇಳಿದರು.

"ಎಷ್ಟು ವರ್ಷ ಅಂತ ಹೀಗೆ ಹೊತ್ಕೊಂಡು ತಿರುಗೋದು ಅಯ್ಯನವರೇ? ದುಡ್ಡು ಕೂಡಿಸೋಣ. ನಮ್ಮದೇ ಒಂದು ಜಾಗ ಬೇಕು."

ಅವರ ಅಜ್ಜ ಬಾಸೆಲ್ ಮಿಷನ್ ಹಂಚಿನ ಕಾರ್ಖಾನೆಯಲ್ಲಿದ್ದವರು. ಊರಿನ ಚರ್ಚಿನಲ್ಲೇ ಅಂಕಲ್‌ಗೆ ದೀಕ್ಷಾಸ್ನಾನ, ಅಲ್ಲೇ ಮದುವೆ. ಅಪ್ಪ-ಅಮ್ಮನ ಸಮಾಧಿ ಇರುವುದೂ ಆ ಚರ್ಚಿನ ಹಿಂದೆಯೇ. ಅಂಥವರಿಗೆ ಈ ಬಾಡಿಗೆ ಕುರ್ಚಿಗಳು ಸಾಲುವುದಿಲ್ಲ. ಅವರ ಸಂಕಟ ನನಗೆ ಅರ್ಥವಾಗುತ್ತದೆ.

ಆದರೆ ಇಲ್ಲಿ ವಿಲ್ಲಾ ಹಿಡಿದು ಚರ್ಚು ಮಾಡಿಕೊಳ್ಳುವ ಹಾಗಿಲ್ಲ. ಅನುಮತಿ ಇರುವ ಜಾಗದಲ್ಲೇ ಆರಾಧನೆ. ಅದಿರಲಿ, ವೀಸಾ ಇರುವಷ್ಟು ದಿನ ತಾನೇ ನಾವು ಇಲ್ಲಿನವರು? ಕೊರೊನಾ ವರ್ಷದಲ್ಲಿ ಕೀಬೋರ್ಡ್ ನುಡಿಸುವವರ ಕೆಲಸ ಹೋಯಿತು, ಸಂಡೇ ಸ್ಕೂಲ್ ಟೀಚರ್ ಗಂಡನ ಕೆಲಸವೂ ಹೋಯಿತು. ಚರ್ಚುಗಳೆಲ್ಲ ಮುಚ್ಚಿದ್ದವು. ಝೂಮ್‌ನಲ್ಲೇ ಪ್ರಾರ್ಥನೆ ಮಾಡಿ ಕಳಿಸಿಕೊಟ್ಟೆವು. ಮತ್ತೆ ಕೂಡಿದಾಗ ಹಾಲ್ ಇತ್ತು, ಹಾಡು ಎತ್ತಿಕೊಡುವವರು ಇರಲಿಲ್ಲ.

ನಾನು ಇದನ್ನೇ ಹೇಳಿದೆ. ಅಯ್ಯನವರು ಸ್ವಲ್ಪ ಹೊತ್ತು ಸುಮ್ಮನಿದ್ದು ಬೈಬಲಿನಲ್ಲಿ ಬರುವ ಅಕ್ವಿಲ, ಪ್ರಿಸ್ಕಿಲ್ಲ ದಂಪತಿಯ ವಿಷಯ ತೆಗೆದರು. ಅಕ್ವಿಲ ಹುಟ್ಟಿದ್ದು ಪೊಂತದಲ್ಲಿ. ಚಕ್ರವರ್ತಿ ಕ್ಲೌದ್ಯ ಯೆಹೂದ್ಯರನ್ನು ರೋಮ್‌ನಿಂದ ಹೊರಹಾಕಿದಾಗ ಗಂಡ-ಹೆಂಡತಿ ಕೊರಿಂಥಕ್ಕೆ ಬಂದರು. ಗುಡಾರ ಮಾಡುವುದು ಅವರ ಕಸಬು. ಆಮೇಲೆ ಎಫೆಸ, ಮತ್ತೆ ರೋಮ್. ಎರಡೂ ಕಡೆ ಸಭೆ ಕೂಡುತ್ತಿದ್ದದ್ದು ಅವರ ಮನೆಯಲ್ಲೇ. ಎಫೆಸದಲ್ಲಿ ಅಪೊಲ್ಲೋಸನೆಂಬ ಬೋಧಕನನ್ನು ಕರೆದು ದೇವರ ಮಾರ್ಗವನ್ನು ಇನ್ನೂ ಚೆನ್ನಾಗಿ ತಿಳಿಸಿಕೊಟ್ಟವರೂ ಇವರೇ. ಈ ವಚನಗಳನ್ನು ಎಷ್ಟೋ ಸಲ ಓದಿದ್ದೆ. ಹೊಟ್ಟೆಪಾಡಿಗೆ ಊರೂರು ಅಲೆದವರ ಕತೆ ಅಂತ ಅವತ್ತೇ ಹೊಳೆದದ್ದು.

ಹುಬ್ಬಳ್ಳಿಯ ನರ್ಸ್ ಅಕ್ಕ ಒಬ್ಬರು ನೇರವಾಗಿ ಕೇಳಿದರು, "ಹಂಗಾದ್ರ ಒಂದೊಂದು ಕೆಲಸಕ್ಕೂ ಇಬ್ಬರನ್ನ ತಯಾರು ಮಾಡೋಣಲ್ಲ?" ಆ ಸಂಜೆಯ ಮಾತು ದಾರಿಗೆ ಬಂದದ್ದು ಅಲ್ಲಿಂದ. ವಾಕ್ಯ ಓದುವವರು, ಹಾಡಿಸುವವರು, ಲೆಕ್ಕ ಬರೆಯುವವರು, ಎಲ್ಲರೂ ತಮ್ಮ ಜೊತೆ ಇನ್ನೊಬ್ಬರಿಗೆ ಕಲಿಸಬೇಕು. ರಿಜಿಸ್ಟರಿನ ಪ್ರತಿ ಬೇರೆ ಕಡೆಯೂ ಇರಬೇಕು. ಯಾರಾದರೂ ಊರಿಗೆ ಮರಳಿದರೆ ಅಲ್ಲಿನ ಸಭೆಗೆ ನಾವೇ ಪತ್ರ ಬರೆಯಬೇಕು. ಹಾಲ್ ಬಾಡಿಗೆ ಕಳೆದು ಉಳಿದ ಕಾಣಿಕೆ ಸಭೆಯೊಳಗೆ ಕೆಲಸ ಕಳೆದುಕೊಂಡವರ ಮನೆ ಬಾಡಿಗೆಗೆ, ಟಿಕೆಟ್ಟಿಗೆ. ಈ ಕೊನೆಯದಕ್ಕೆ ಜಾಸ್ತಿ ಚರ್ಚೆಯೇ ಆಗಲಿಲ್ಲ. ಕಷ್ಟದ ವರ್ಷವನ್ನು ಎಲ್ಲರೂ ಕಂಡಿದ್ದೆವಲ್ಲ!

ಅಂಕಲ್ ಮಾತ್ರ ಒಪ್ಪಿಗೆಯ ಕೈ ಎತ್ತಲಿಲ್ಲ. ಅವರಿಗೆ ಇವತ್ತಿಗೂ ಒಂದು ಚರ್ಚು ಬೇಕು. ಆದರೂ ಆರಾಧನೆಗೆ ಮುಂಚೆ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಹಾಡು ಎತ್ತಿಕೊಡುವುದನ್ನು ಕಲಿಸುತ್ತಿರುವವರು ಅವರೇ. ಮಕ್ಕಳು ಸಾಲುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡು ಬರುತ್ತಾರೆ. ಕನ್ನಡದಲ್ಲೇ ಓದಬೇಕು ಅಂತ ಅಂಕಲ್ ಹಠ. ಹಾಗಾಗಿ ಈಗ ಡಬ್ಬದಲ್ಲಿ ಎರಡು ಕಾಪಿ ಪುಸ್ತಕವೂ ಸೇರಿವೆ.