ನ್ಯೂರ್ಬರ್ಗ್‌ರಿಂಗ್‌ಗೆ ಮೊದಲ ಸಲ ಹೊರಟಿದ್ದೀನಿ, ನನ್ನ ಕಾರು ಸಾಕಾ?

ಸ್ಟುಟ್‌ಗಾರ್ಟ್, ಫ್ರಾಂಕ್‌ಫರ್ಟ್ ಕಡೆ ಕೆಲಸಕ್ಕೆ ಬಂದ ಬೆಂಗಳೂರಿನವರು, ಹದಿನೈದು ದಿನದ ರಜೆಗೆ ಜರ್ಮನಿಗೆ ಹೊರಟವರು, ನ್ಯೂರ್ಬರ್ಗ್‌ರಿಂಗ್ ರೇಸ್‌ಟ್ರ್ಯಾಕಿನ ಹಳೇ ಉದ್ದ ಸುತ್ತಾದ ನಾರ್ಡ್‌ಷ್ಲೈಫೆಯ ಬಗ್ಗೆ ಎಲ್ಲರೂ ಕೇಳುವುದು ಇದನ್ನೇ: “ನಾರ್ಡ್‌ಷ್ಲೈಫೆಯಲ್ಲಿ ಒಂದು ಸುತ್ತು ಓಡಿಸಬೇಕು, ನನ್ನ ಕಾರು ಸಾಕಾ?” ಸಾಕು. ಬ್ರೇಕ್ ಚೆನ್ನಾಗಿದ್ದು ಟೈರ್ ಸವೆಯದಿದ್ದರೆ ಮಾಮೂಲಿ ಪೋಲೋ ಕೂಡ ಸಾಕು. ಮೊದಲ ಸಲ ಹೋದವರಿಗೆ ಕಡಿಮೆ ಬೀಳುವುದು ಎಂಜಿನ್ ಶಕ್ತಿಯಲ್ಲ. ಕಾಗದಪತ್ರ, ಬ್ರೇಕ್ ಆಯಿಲ್, ಕನ್ನಡಿ ನೋಡುವ ಅಭ್ಯಾಸ, ಈ ಮೂರು.

ಮೊದಲು ಜಾಗದ ಪರಿಚಯ. ಐಫೆಲ್ ಬೆಟ್ಟಗಳ ಕಾಡಿನೊಳಗೆ, ನ್ಯೂರ್ಬರ್ಗ್ ಕೋಟೆಯನ್ನು ಬಳಸಿಕೊಂಡು ಹೋಗುವ ಈ ಟ್ರ್ಯಾಕ್ 1927ರಲ್ಲಿ ಶುರುವಾಯಿತು. ಈಗಿನ ಉದ್ದ 20.8 ಕಿಲೋಮೀಟರ್, ಎತ್ತರ ತಗ್ಗಿನ ವ್ಯತ್ಯಾಸ ಸುಮಾರು 300 ಮೀಟರ್. ರೇಸ್ ಚಾಲಕ ಜಾಕಿ ಸ್ಟೀವರ್ಟ್ ಇದನ್ನು ‘ಹಸಿರು ನರಕ’ ಎಂದು ಕರೆದದ್ದು, 1976ರ ಆಗಸ್ಟ್ 1ರಂದು ಇನ್ನೊಬ್ಬ ಚಾಲಕ ನಿಕಿ ಲೌಡಾ ಇಲ್ಲಿ ಅಪಘಾತದಲ್ಲಿ ಸುಟ್ಟುಕೊಂಡದ್ದು, ಅಲ್ಲಿಂದಾಚೆ ಫಾರ್ಮುಲಾ ಒನ್ ಈ ಹಳೇ ಸುತ್ತಿಗೆ ಬರುವುದು ನಿಂತದ್ದು, ಇಷ್ಟು ಹೆಚ್ಚಿನವರಿಗೆ ಗೊತ್ತಿರುತ್ತದೆ. ಗೊತ್ತಿಲ್ಲದ್ದು ಇನ್ನೊಂದಿದೆ. ಸಾರ್ವಜನಿಕರಿಗೆ ಬಿಡುವ ಹೊತ್ತಿನಲ್ಲಿ ಇದು ರೇಸ್‌ಟ್ರ್ಯಾಕ್ ಅಲ್ಲ, ಏಕಮುಖ ಟೋಲ್ ರಸ್ತೆ. ಜರ್ಮನಿಯ ಸಂಚಾರ ನಿಯಮವೇ ನಡೆಯುತ್ತದೆ. ಎಡದಿಂದ ಮಾತ್ರ ಓವರ್‌ಟೇಕ್, ಬಲದಿಂದ ಖಂಡಿತಾ ಇಲ್ಲ. ಸಮಯ ಅಳೆಯುವಂತಿಲ್ಲ, ಪೈಪೋಟಿ ಇಲ್ಲ, ಕಾರಿನೊಳಗಿಂದ ವಿಡಿಯೋ ತೆಗೆಯುವಂತಿಲ್ಲ. ಪೂರ್ತಿ ಸುತ್ತನ್ನು ಒಂದೇ ಉಸಿರಿನಲ್ಲಿ ಓಡಿಸುವುದಕ್ಕೂ ಆಗುವುದಿಲ್ಲ, ಏಕೆಂದರೆ ಡೊಟಿಂಗರ್ ಹೋಹೆ ಎಂಬ ಉದ್ದನೆಯ ನೇರ ದಾರಿಯಲ್ಲಿ ಎಲ್ಲರೂ ಹೊರಗೆ ಬರಲೇಬೇಕು. ಟಿಕೆಟ್ ಒಂದೊಂದು ಸುತ್ತಿಗೆ ಬೇರೆ, ವಾರಾಂತ್ಯದ ದರ ಜಾಸ್ತಿ. ಬೈಕಿನವರು ಆಸೆ ಬಿಡಬೇಕು, 2025ರಿಂದ ಈ ಸಾರ್ವಜನಿಕ ಓಡಾಟದಲ್ಲಿ ಬೈಕುಗಳಿಗೆ ಪ್ರವೇಶವಿಲ್ಲ.

ಇನ್ನು ಕಾಗದ. ಪ್ರವಾಸಕ್ಕೆ ಬಂದವರು ಭಾರತದ ಲೈಸೆನ್ಸ್ ಜೊತೆಗೆ ಆರ್‌ಟಿಓ ಕೊಡುವ ಅಂತರರಾಷ್ಟ್ರೀಯ ಪರ್ಮಿಟ್ ಇಟ್ಟುಕೊಂಡಿರಿ. ಅಲ್ಲೇ ನೆಲೆಸಿದವರಿಗೆ ಭಾರತದ ಲೈಸೆನ್ಸ್ ನಡೆಯುವುದು ಆರು ತಿಂಗಳು ಮಾತ್ರ. ಆಮೇಲೆ ಜರ್ಮನ್ ಲೈಸೆನ್ಸ್ ಇಲ್ಲದೆ ಓಡಿಸಿದರೆ ಲೈಸೆನ್ಸ್ ಇಲ್ಲದೆ ಓಡಿಸಿದ ಹಾಗೇ. ಸ್ವಂತ ಕಾರಿದ್ದರೆ ಇನ್ಶೂರೆನ್ಸ್ ಪಾಲಿಸಿಯನ್ನು ತೆಗೆದು ಓದಿ. ಇದು ಸಾರ್ವಜನಿಕ ರಸ್ತೆ ಎಂದು ಟ್ರ್ಯಾಕಿನವರು ಹೇಳಬಹುದು, ನಿಮ್ಮ ಕಂಪನಿ ‘ರೇಸ್‌ಟ್ರ್ಯಾಕ್ ಮೇಲಿನ ಓಡಾಟಕ್ಕೆ ಅನ್ವಯಿಸದು’ ಎಂದು ಒಂದು ಸಾಲು ಸೇರಿಸಿರಬಹುದು. ಅನುಮಾನವಿದ್ದರೆ ಫೋನಿನಲ್ಲಿ ಕೇಳಬೇಡಿ, ಇಮೇಲ್‌ನಲ್ಲಿ ಉತ್ತರ ತರಿಸಿಕೊಳ್ಳಿ.

ವಿಮಾನ ನಿಲ್ದಾಣದಲ್ಲಿ ಬಾಡಿಗೆಗೆ ಹಿಡಿದ ಕಾರನ್ನು ಮಾತ್ರ ಒಳಗೆ ತರಬೇಡಿ. ಆ ಕರಾರುಗಳಲ್ಲಿ ಸಾಮಾನ್ಯವಾಗಿ ಇದಕ್ಕೆ ನಿಷೇಧವಿರುತ್ತದೆ, ಗುದ್ದಿದರೆ ಇಡೀ ಕಾರಿನ ಬೆಲೆ ನಿಮ್ಮ ತಲೆಗೆ. ನ್ಯೂರ್ಬರ್ಗ್ ಊರಿನಲ್ಲೇ ಟ್ರ್ಯಾಕಿಗೆಂದು ತಯಾರು ಮಾಡಿದ ಕಾರುಗಳನ್ನು ಬಾಡಿಗೆಗೆ ಕೊಡುತ್ತಾರೆ. ಒಳ್ಳೆಯ ಬ್ರೇಕ್ ಪ್ಯಾಡ್, ಒಳ್ಳೆಯ ಟೈರ್, ಅಪಘಾತವಾದರೆ ನೀವು ಕಟ್ಟಬೇಕಾದ ಮೊತ್ತ ಎಷ್ಟು ಎಂಬುದು ಮೊದಲೇ ಬರೆದಿರುತ್ತದೆ. ಆ ಮೊತ್ತ ಕಳೆದುಕೊಂಡರೂ ನಿದ್ದೆ ಬರುತ್ತದೆಯೇ ಎಂದು ನೋಡಿಕೊಂಡು ಸಹಿ ಹಾಕಿ. ಕಾರಿನ ಖರ್ಚಲ್ಲದೆ ಬಗ್ಗಿದ ಗಾರ್ಡ್‌ರೈಲ್, ಎಳೆದೊಯ್ಯುವ ಲಾರಿ, ರಸ್ತೆ ಸ್ವಚ್ಛ ಮಾಡುವ ಕೆಲಸ, ಇವುಗಳ ಬಿಲ್ಲೂ ಗುದ್ದಿದವರಿಗೇ ಬರುತ್ತದೆ. ಕಂಬಗಳನ್ನು ಒಂದೊಂದಾಗಿ ಎಣಿಸಿಯೇ ಬಿಲ್ ಮಾಡುತ್ತಾರೆ.

ಈಗ ಬ್ರೇಕು. ಆಗುಂಬೆ ಘಾಟಿ ಇಳಿದು ಸೋಮೇಶ್ವರದಲ್ಲಿ ನಿಂತಾಗ ಸುಟ್ಟ ವಾಸನೆ ಬರುತ್ತದಲ್ಲ, ಅದು ಇಲ್ಲಿ ಮೊದಲ ಹತ್ತು ಕಿಲೋಮೀಟರಿನಲ್ಲೇ ಬರುತ್ತದೆ. ಮೊದಲರ್ಧ ಹೆಚ್ಚುಕಡಿಮೆ ಇಳಿಜಾರೇ. ಶ್ವೇಡನ್‌ಕ್ರಾಯ್ಟ್ಸ್ ಎಂಬ ತಿರುವಿನಿಂದ ಅರೆಂಬರ್ಗ್ ತಿರುವಿಗೆ, ಅಲ್ಲಿಂದ ಫುಕ್ಸ್‌ರೋರೆಗೆ, ಮುಂದೆ ವೇರ್‌ಸೈಫನ್ ಇಳಿದು ಬ್ರೈಡ್‌ಷೈಡ್ ಸೇತುವೆಯವರೆಗೆ, ವೇಗ ಏರಿಸು ತಗ್ಗಿಸು, ಏರಿಸು ತಗ್ಗಿಸು. ಇಲ್ಲಿ ಬ್ರೇಕ್ ಎರಡು ರೀತಿ ಕೈಕೊಡುತ್ತದೆ, ಎರಡಕ್ಕೂ ವ್ಯತ್ಯಾಸ ಗೊತ್ತಿರಬೇಕು. ಪೆಡಲ್ ಕಲ್ಲಿನಂತೆ ಗಟ್ಟಿಯಾಗಿಯೇ ಇದ್ದು ಕಾರು ನಿಲ್ಲುತ್ತಿಲ್ಲವೆಂದರೆ ಪ್ಯಾಡ್ ಮಿತಿಮೀರಿ ಕಾದಿದೆ. ಪೆಡಲ್ ಸ್ಪಂಜಿನಂತೆ ಮೆತ್ತಗಾಗಿ ಕೆಳಗೆ ಇಳಿಯುತ್ತಿದ್ದರೆ ಆಯಿಲ್ ಕುದಿಯುತ್ತಿದೆ, ಪೈಪಿನಲ್ಲಿ ಆವಿಗುಳ್ಳೆ ಸೇರಿದೆ. ಎರಡನೆಯದು ಅಪಾಯ. ಪೆಡಲನ್ನು ಎರಡು ಮೂರು ಸಲ ಪಂಪ್ ಮಾಡಿ, ಗೇರು ಇಳಿಸಿ, ಬಲ ಅಂಚಿಗೆ ಸರಿದು ನಿಧಾನವಾಗಿ ಸುತ್ತು ಮುಗಿಸಿ.

ಬ್ರೇಕ್ ಆಯಿಲ್ ಗಾಳಿಯಿಂದ ನೀರು ಹೀರುವ ವಸ್ತು. ಡಾಟ್ 4 ದರ್ಜೆಯದು ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು ಎಂಬುದು ಮಾನದಂಡ. ನೀರು ಸೇರಿದ ಮೇಲೆ ಅದೇ ಮಾನದಂಡ 155ಕ್ಕೆ ಇಳಿಯುತ್ತದೆ. ಕಚೇರಿಗೆ ಹೋಗಿಬರುವ ಕಾರಿನಲ್ಲಿ ಈ ವ್ಯತ್ಯಾಸ ಯಾರಿಗೂ ತಿಳಿಯುವುದಿಲ್ಲ, ಇಲ್ಲಿ ತಿಳಿಯುತ್ತದೆ. ಹೋಗುವ ಮುಂಚಿನ ತಿಂಗಳಲ್ಲಿ ಆಯಿಲ್ ಪೂರ್ತಿ ಬದಲಿಸಿ, ನಾಲ್ಕೂ ಚಕ್ರಗಳಲ್ಲಿ ಗಾಳಿ ತೆಗೆಸಿ. ದುಬಾರಿ ಡಿಸ್ಕ್, ದೊಡ್ಡ ಕ್ಯಾಲಿಪರ್ ಎಂದು ದುಡ್ಡು ಸುರಿಯುವುದಕ್ಕಿಂತ ಈ ಒಂದು ಲೀಟರ್ ಆಯಿಲ್ ಮೇಲು. ಪ್ಯಾಡ್ ಅರ್ಧಕ್ಕಿಂತ ಹೆಚ್ಚು ಉಳಿದಿರಲಿ. ತೆಳುವಾದಷ್ಟೂ ಶಾಖ ನೇರ ಆಯಿಲ್‌ಗೆ ಹೋಗುತ್ತದೆ.

ಟೈರ್ ವಿಷಯದಲ್ಲಿ ಕೇಳುವುದು ಬ್ರಾಂಡ್, ನೋಡಬೇಕಾದ್ದು ವಯಸ್ಸು. ಪಕ್ಕದಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತದೆ: 2319 ಎಂದರೆ 2019ರ 23ನೇ ವಾರ ತಯಾರಾದದ್ದು. ಆರು ವರ್ಷ ದಾಟಿದ್ದರೆ ಬೇಡ. ಜರ್ಮನ್ ಕಾನೂನು 1.6 ಮಿಲಿಮೀಟರ್ ಗೀರಿನ ಆಳ ಸಾಕೆನ್ನುತ್ತದೆ, ಐಫೆಲ್‌ನ ಮಳೆ 4 ಮಿಲಿಮೀಟರ್ ಕೇಳುತ್ತದೆ. ಗಾಳಿಯನ್ನು ಕಾರಿನ ಬಾಗಿಲ ಬಳಿ ಬರೆದಷ್ಟೇ ತಣ್ಣಗಿದ್ದಾಗ ತುಂಬಿಸಿ. ಹತ್ತು ಡಿಗ್ರಿ ಶಾಖಕ್ಕೆ ಸುಮಾರು 0.1 ಬಾರ್ ಏರುತ್ತದೆ. 2.3 ಬಾರ್‌ನಲ್ಲಿ, ಅಂದರೆ ನಮ್ಮ ಲೆಕ್ಕದ 33 ಪಿಎಸ್‌ಐನಲ್ಲಿ, ಹೊರಟ ಟೈರ್ ಸುತ್ತು ಮುಗಿಯುವ ಹೊತ್ತಿಗೆ 40 ತೋರಿಸಿದರೆ ಗಾಬರಿ ಬೇಡ. ಹಾಗೆಂದು ಮೊದಲೇ 26ಕ್ಕೆ ಇಳಿಸಿಕೊಂಡು ಹೋಗಬೇಡಿ, ಮೊದಲ ತಿರುವುಗಳಲ್ಲಿ ತಣ್ಣಗಿನ ಟೈರ್ ಮಗ್ಗುಲು ಮಡಚಿಕೊಳ್ಳುತ್ತದೆ. ಒಂದು ಸುತ್ತು ಮುಗಿಸಿ ಬಿಸಿಯಲ್ಲೇ ಅಳೆದು, ಹೆಚ್ಚಾದದ್ದನ್ನು ಸ್ವಲ್ಪ ಬಿಟ್ಟರೆ ಸಾಕು.

ಹಿಂದಿನ ದಿನ ಮಾಡುವ ಸಣ್ಣ ಕೆಲಸಗಳು: ವೀಲ್ ನಟ್‌ಗಳನ್ನು ಟಾರ್ಕ್ ವ್ರೆಂಚ್‌ನಲ್ಲಿ, ಮ್ಯಾನುಯಲ್‌ನಲ್ಲಿರುವ ಅಂಕಿಗೆ ಬಿಗಿದು ನೋಡಿ. ಎಂಜಿನ್ ಆಯಿಲ್ ಮೇಲಿನ ಗುರುತಿನ ಹತ್ತಿರವಿರಲಿ, ಉದ್ದನೆಯ ತಿರುವುಗಳಲ್ಲಿ ಆಯಿಲ್ ಒಂದೇ ಕಡೆ ವಾಲುತ್ತದೆ. ಪೆಟ್ರೋಲ್ ಅರ್ಧ ಟ್ಯಾಂಕ್ ಇರಲಿ. ಕಾರಿನಲ್ಲಿರುವ ಎಲ್ಲವನ್ನೂ ಇಳಿಸಿ: ಚಾಲಕನ ಕಾಲ ಕೆಳಗಿನ ಸಡಿಲ ಮ್ಯಾಟ್, ಡಿಕ್ಕಿಯಲ್ಲಿರುವ ಜ್ಯಾಕ್, ಬಾಗಿಲಿನಲ್ಲಿರುವ ನೀರಿನ ಬಾಟಲಿ. ಫ್ಲುಗ್‌ಪ್ಲಾಟ್ಸ್‌ನ ದಿಬ್ಬದಲ್ಲಿ ಹಾರಿದ ಬಾಟಲಿ ಉರುಳಿಕೊಂಡು ಬ್ರೇಕ್ ಪೆಡಲಿನ ಕೆಳಗೆ ಕೂತರೆ ಮುಂದಿನ ಕಥೆ ಹೇಳಬೇಕಾಗಿಲ್ಲ.

ಸೀಟನ್ನು ಮನೆಯಲ್ಲೇ ಸರಿಮಾಡಿಕೊಳ್ಳಿ. ಬೆನ್ನು ಸೀಟಿಗೆ ಒತ್ತಿ ಕೂತು ಕೈ ಚಾಚಿದರೆ ಮಣಿಕಟ್ಟು ಸ್ಟಿಯರಿಂಗ್‌ನ ಮೇಲ್ತುದಿಗೆ ತಾಗಬೇಕು, ಕ್ಲಚ್ ಪೂರ್ತಿ ಒತ್ತಿದಾಗಲೂ ಮೊಣಕಾಲು ಸ್ವಲ್ಪ ಬಗ್ಗಿರಬೇಕು. ಭಾರತದಿಂದ ಬಂದವರಿಗೆ ಇಲ್ಲೊಂದು ತಮಾಷೆಯ ತೊಡಕಿದೆ. ಮಾರುತಿ, ಹ್ಯುಂಡೈ ಓಡಿಸಿದ ಕೈಗೆ ಇಂಡಿಕೇಟರ್ ಬಲಗಡೆ. ಯೂರೋಪಿನ ಕಾರುಗಳಲ್ಲಿ ಅದು ಎಡಗಡೆ, ಬಲಗಡೆ ವೈಪರ್. ಹಿಂದಿನಿಂದ ಪೋರ್ಷೆ ಬಂದಾಗ ದಾರಿ ಬಿಡಲು ಹೋಗಿ ಒಣ ಗಾಜಿನ ಮೇಲೆ ವೈಪರ್ ಆಡಿಸುವವರನ್ನು ಪ್ರತಿ ವಾರಾಂತ್ಯವೂ ನೋಡಬಹುದು. ಎರಡು ದಿನ ಮಾಮೂಲಿ ರಸ್ತೆಯಲ್ಲಿ ಆ ಕಾರನ್ನೇ ಓಡಿಸಿ ಕೈಗೆ ಕಲಿಸಿ. ಇದು ತಮಾಷೆಯಾಗಿ ಕಂಡರೂ, ಮೊದಲ ದಿನದ ನಿಮ್ಮ ಅರ್ಧ ಕೆಲಸ ಆ ಇಂಡಿಕೇಟರೇ. ಕನ್ನಡಿಯಲ್ಲಿ ಕಾರು ಕಂಡಿತೋ, ಬಲ ಇಂಡಿಕೇಟರ್ ಹಾಕಿ, ಬಲಕ್ಕೇ ಇರಿ, ಆಕ್ಸಿಲರೇಟರ್ ಸ್ವಲ್ಪ ಸಡಿಲಿಸಿ. ತಿರುವಿನ ಮಧ್ಯೆ ದಾರಿ ಬಿಡಲು ಹೋಗಿ ತಟ್ಟನೆ ಅಂಚಿಗೆ ಎಳೆಯಬೇಡಿ. ಹಿಂದಿನವರಿಗೆ ಬೇಕಾದ್ದು ನಿಮ್ಮ ವೇಗವಲ್ಲ, ನೀವು ಮುಂದೇನು ಮಾಡುತ್ತೀರಿ ಎಂಬ ಖಾತ್ರಿ. ಪ್ರತಿ ನೇರ ದಾರಿಯಲ್ಲೂ, ಪ್ರತಿ ತಿರುವಿಗೆ ಇಳಿಯುವ ಮುಂಚೆಯೂ ಕನ್ನಡಿ.

ದಾರಿ ಕಲಿಯುವುದಕ್ಕೆ ಗ್ರಾನ್ ಟುರಿಸ್ಮೊ, ಅಸೆಟ್ಟೊ ಕೊರ್ಸಾ ಎಂಬ ಕಾರ್ ರೇಸ್ ವಿಡಿಯೋ ಗೇಮ್‌ಗಳನ್ನು ಆಡಿ. ಯಾವ ದಿಬ್ಬದ ಆಚೆ ಎಡವೋ ಬಲವೋ ಎಂಬುದು ಅದರಿಂದ ತಲೆಗೆ ಹತ್ತುತ್ತದೆ. ವೇಗವನ್ನು ಮಾತ್ರ ಅದರಿಂದ ಕಲಿಯಬೇಡಿ. ಪರದೆಯಲ್ಲಿ ಫುಕ್ಸ್‌ರೋರೆ ಸಪಾಟು ಕಾಣುತ್ತದೆ, ನಿಜದಲ್ಲಿ ಬಾವಿಗೆ ಇಳಿದಂತೆ. ತಳದಲ್ಲಿ ಕಾರು ಸ್ಪ್ರಿಂಗಿನ ಮೇಲೆ ಕುಸಿದು ಕೂರುತ್ತದೆ, ಮರುಕ್ಷಣ ಏರು. ಆ ಏರು ಮುಗಿಯುವಲ್ಲಿ, ದಿಬ್ಬದ ಮರೆಯಲ್ಲಿ, ಅಡೆನೌವರ್ ಫಾರ್ಸ್ಟ್‌ನ ಇಕ್ಕಟ್ಟಾದ ಎಡ-ಬಲ. ನೋಡುಗರು ಬೇಲಿಯಾಚೆ ಬೆಳಿಗ್ಗೆಯಿಂದ ಕಾಯುವುದು ಇಲ್ಲೇ, ನೇರ ಹುಲ್ಲಿಗೆ ಹೋಗುವ ಹೊಸಬರಿಗಾಗಿ. ಏರಿನಲ್ಲಿ ಇನ್ನೂ ಏನೂ ಕಾಣದಿರುವಾಗಲೇ, ಸ್ಟಿಯರಿಂಗ್ ನೇರವಿರುವಾಗಲೇ ಬ್ರೇಕ್ ಮುಗಿಸಿರಬೇಕು.

ಕರುಸೆಲ್‌ನದು ಬೇರೆ ಲೆಕ್ಕ. ಹಳೇ ಕಾಲದ ರೇಸ್ ಚಾಲಕ ರುಡಾಲ್ಫ್ ಕರಾಚಿಯೋಲಾ ಹೆಸರಿನ ಈ ಎಡ ತಿರುವಿನ ಒಳಭಾಗ ಬಾಣಲೆಯಂತೆ ವಾಲಿದ ಕಾಂಕ್ರೀಟ್. ಒಳಗೆ ಇಳಿಯುವ ಜಾಗ ದೂರದಿಂದ ಕಾಣುವುದೇ ಇಲ್ಲ. ಹಲಗೆ ಹಲಗೆಯಾಗಿ ಹಾಸಿದ ಆ ಕಾಂಕ್ರೀಟಿನ ಮೇಲೆ ಸ್ಟಿಯರಿಂಗ್ ಕೈಯಲ್ಲಿ ಕುಣಿಯುತ್ತದೆ, ಹೆಬ್ಬೆರಳನ್ನು ಕಡ್ಡಿಯ ಒಳಗೆ ಸಿಕ್ಕಿಸಬೇಡಿ. ಗಂಟೆಗೆ 60ರ ಆಸುಪಾಸು ಬಂದು, ಎಡ ಚಕ್ರಗಳನ್ನು ಮೆಲ್ಲಗೆ ಬಾಣಲೆಗೆ ಬಿಡಿ, ಕಾರು ತಾನೇ ಸುತ್ತಿಕೊಳ್ಳುತ್ತದೆ. ಹೊರಬರುವಾಗ ಅಂಚಿನಲ್ಲಿ ಮೆಟ್ಟಿಲಿನಂಥ ಕುಲುಕಾಟವಿದೆ, ಆ ಕ್ಷಣ ಆಕ್ಸಿಲರೇಟರ್ ತುಳಿದಿಟ್ಟಿದ್ದರೆ ಚಕ್ರ ಜಾರುತ್ತದೆ. ತಗ್ಗು ಕಾರಾದರೆ ಒಳಗೆ ಇಳಿಯದೆ ಮೇಲಿನ ಡಾಂಬರಿನಲ್ಲೇ ಹೋಗಿ, ಯಾರೂ ನಗುವುದಿಲ್ಲ. ಮುಂದೆ ಪ್ಲಾಂಟ್ಸ್‌ಗಾರ್ಟನ್‌ನಲ್ಲಿ ದಿಬ್ಬಕ್ಕೆ ಮುಂಚೆ ಬ್ರೇಕ್, ದಿಬ್ಬದ ಮೇಲೆ ಬ್ರೇಕ್ ಬಿಟ್ಟಿರಬೇಕು. ಉಳಿದ ತಿರುವುಗಳನ್ನು ಮೊದಲ ದಿನ ಹೆಸರು ಹಿಡಿದು ಕಲಿಯುವ ಅಗತ್ಯವಿಲ್ಲ.

ಈಸ್ಟರ್‌ನ ಗುಡ್ ಫ್ರೈಡೇ ದಿನ ಹೋಗಬೇಡಿ, ಊರಿಗೆ ಊರೇ ಕಾರುಗಳಿಂದ ತುಂಬಿರುತ್ತದೆ. ಬಿಸಿಲಿನ ಭಾನುವಾರವೂ ಬೇಡ. ವಾರದ ದಿನದ ಸಂಜೆ ಟ್ರ್ಯಾಕ್ ತೆರೆದಿದೆಯೇ ಎಂದು ಕ್ಯಾಲೆಂಡರ್ ನೋಡಿ ಹೊರಡಿ. ಗೇಟಿನಲ್ಲಿ ಬಿಸಿಲಿದ್ದರೂ ಅತ್ತ ಕಾಡಿನೊಳಗೆ ಒದ್ದೆ ಇರಬಹುದು. ಮಳೆಯಲ್ಲಿ ಅಂಚಿನ ಕೆಂಪು-ಬಿಳಿ ಕಲ್ಲುಗಳೂ, ಅಭಿಮಾನಿಗಳು ರಸ್ತೆಯ ಮೇಲೆ ಬರೆದ ಬಣ್ಣದ ಹೆಸರುಗಳೂ ಸೋಪಿನಂತೆ ಜಾರುತ್ತವೆ. ಕಾರು ಜಾರದಂತೆ ತಡೆಯುವ ಇಎಸ್‌ಪಿಯನ್ನು ಆರಿಸುವ ಗುಂಡಿ ಎಲ್ಲಿದೆ ಎಂಬುದನ್ನೇ ಮರೆತುಬಿಡಿ.

ಹಳದಿ ಬಾವುಟ ಕಂಡರೆ ನಿಧಾನಿಸಿ, ನಾಲ್ಕೂ ಇಂಡಿಕೇಟರ್ ಹಾಕಿ ಹಿಂದಿನವರಿಗೆ ತಿಳಿಸಿ. ನಿಮ್ಮ ಕಾರೇ ಕೆಟ್ಟು ಆಯಿಲ್ ಅಥವಾ ಕೂಲೆಂಟ್ ಸೋರತೊಡಗಿದರೆ, ಹೇಗಾದರೂ ಗೇಟಿನವರೆಗೆ ತಲುಪೋಣ ಎಂಬ ಆಸೆ ಬೇಡ. ನೀವು ಎಳೆದ ಆ ಗೆರೆಯ ಮೇಲೆ ಹಿಂದಿನವರು ಒಬ್ಬರಾದ ಮೇಲೊಬ್ಬರು ಜಾರುತ್ತಾರೆ, ಹೊಣೆ ನಿಮ್ಮದು. ತಕ್ಷಣ ಬಲ ಅಂಚಿಗೆ ಹೋಗಿ ನಿಲ್ಲಿಸಿ, ಇಳಿದು ಗಾರ್ಡ್‌ರೈಲ್ ದಾಟಿ ಆಚೆ ನಿಂತು, ಟ್ರ್ಯಾಕಿನ ತುರ್ತು ಸಂಖ್ಯೆಗೆ ಫೋನ್ ಮಾಡಿ. ಆ ಸಂಖ್ಯೆಯನ್ನು ಬೆಳಿಗ್ಗೆಯೇ ಫೋನಿನಲ್ಲಿ ಉಳಿಸಿಕೊಂಡಿರಿ. ಕಾರಿನೊಳಗೆ ಕೂತು ಕಾಯುವುದು ಎಲ್ಲಕ್ಕಿಂತ ಕೆಟ್ಟ ಆಯ್ಕೆ.

ಒಂದು ಸುತ್ತು, ಅರ್ಧ ಗಂಟೆ ವಿಶ್ರಾಂತಿ. ಮೊದಲ ದಿನಕ್ಕೆ ನಾಲ್ಕು ಸುತ್ತು ಧಾರಾಳವಾಯಿತು. ತಪ್ಪುಗಳಾಗುವುದು ಹೆದರಿಕೆಯ ಮೊದಲ ಸುತ್ತಿನಲ್ಲಿ ಅಲ್ಲ, ‘ಈಗ ಗೊತ್ತಾಯ್ತು’ ಎನಿಸುವ ಮೂರನೆಯದರಲ್ಲಿ. ಕೊನೆಯ ನೇರ ದಾರಿಯಲ್ಲಿ ಬಲಕ್ಕಿದ್ದುಕೊಂಡು ಬ್ರೇಕ್ ಮುಟ್ಟದೆ ತಣಿಸುತ್ತಾ ಬನ್ನಿ. ಪಾರ್ಕಿಂಗ್‌ನಲ್ಲಿ ಸಮತಟ್ಟು ಜಾಗ ನೋಡಿ ಮೊದಲ ಗೇರಿನಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆಯಬೇಡಿ. ಕೆಂಡದಂತಿರುವ ಡಿಸ್ಕನ್ನು ಪ್ಯಾಡ್ ಕಚ್ಚಿಕೊಂಡರೆ ಅಲ್ಲಿ ಕಲೆ ಕೂತು, ಆಮೇಲೆ ಪ್ರತಿ ಬ್ರೇಕಿಗೂ ನಡುಕ ಬರುತ್ತದೆ. ಟರ್ಬೋ ಎಂಜಿನ್ ಆದರೆ ಒಂದೆರಡು ನಿಮಿಷ ನ್ಯೂಟ್ರಲ್‌ನಲ್ಲಿ ಓಡಲು ಬಿಟ್ಟು, ಆರಿಸಿದ ಮೇಲೆ ಗೇರಿಗೆ ಹಾಕಿ. ಬಿಸಿಯಲ್ಲಿ ಟೈರಿನಿಂದ ಬಿಟ್ಟ ಗಾಳಿ ತಣ್ಣಗಾದಾಗ ಕಡಿಮೆ ಬೀಳುತ್ತದೆ. ಮನೆಗೆ ಹೊರಡುವ ಮುಂಚೆ ನಾಲ್ಕಕ್ಕೂ ತುಂಬಿಸಿಕೊಂಡೇ ಆಟೋಬಾನ್ ಹತ್ತಿ.